ಸರ್ವರ್ ಮುಂಬೈಯಲ್ಲಿ, ಕೀಲಿ ಯಾರ ಕೈಯಲ್ಲಿ?

(ಮಹಾರಾಷ್ಟ್ರದ ಜತ್ತ ತಾಲೂಕಿನ ಬಾಲಗಾಂವದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದ ಕೂಡಲೇ ವಚನವೋ ದಾಸರ ಪದವೋ ಜನಪದವೋ ಇರುತ್ತದೆಂದು ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಇವತ್ತು ಅದಿಲ್ಲ. ನಾನು ವೃತ್ತಿಯಿಂದ ವ್ಯಾಪಾರಸ್ಥರ ಲೆಕ್ಕ ಬರೆಯುವವನು. ಲೆಕ್ಕದ ಮಾತನ್ನೇ ಆಡುತ್ತೇನೆ. ಖತಾವಣಿ ಪುಸ್ತಕ ಕೆಂಪು ಬಟ್ಟೆಯ ರಟ್ಟಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಇರುತ್ತಿದ್ದ ಕಾಲದಲ್ಲಿ ಅದು ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಲೆಕ್ಕ, ಗಿರಾಕಿಯ ವಿವರ, ಬ್ಯಾಂಕಿನ ಖಾತೆ ಎಲ್ಲವೂ ಕ್ಲೌಡಿಗೆ ಹೋಗಿವೆ. ಅದು ಯಾವ ಊರಲ್ಲಿದೆ, ಅಲ್ಲಿ ಯಾರ ಕಾಯ್ದೆ ನಡೆಯುತ್ತದೆ, ನಾಳೆ ನಮಗೆ ಬೇಕಾದಾಗ ಸಿಗುತ್ತದೆಯೆ ಎಂಬುದು ದೊಡ್ಡ ಕಂಪನಿಗಳ ವಕೀಲರು ಮಾತ್ರ ಕೇಳುವ ಪ್ರಶ್ನೆಯಾಗಿ ಉಳಿದಿಲ್ಲ.

ಗಡಿಯ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಬಾಲಗಾಂವದ ಅಂಗಡಿಕಾರ ಕರ್ನಾಟಕದ ಚಡಚಣಕ್ಕೆ ಹೋಗಿ ಜವಳಿ ತರುತ್ತಾನೆ. ಅಜ್ಜನ ಕಾಲದಿಂದ ಬಂದ ರೂಢಿ ಅದು. ಮಾತು ಒಂದೇ, ಬೀಗತನವೂ ಆ ಕಡೆಯದೇ. ಆದರೆ ಬಿಲ್ಲಿನ ಮೇಲೆ ಐಜಿಎಸ್‌ಟಿ ಬೀಳುತ್ತದೆ. ಸರಕಿನ ಬೆಲೆ 50,000 ರೂಪಾಯಿ ದಾಟಿತೋ, ಟೆಂಪೋ ಚಾಲಕನ ಕೈಯಲ್ಲಿ ಇ-ವೇ ಬಿಲ್ ಇರಬೇಕು. ಅದೇ ಅಂಗಡಿಕಾರ ತೆರಿಗೆ ಬೀಳುವ ಸರಕನ್ನು ತಾನೇ ಚಡಚಣದವರಿಗೆ ಮಾರಿದರೆ 40 ಲಕ್ಷದ ವಹಿವಾಟಿನವರೆಗಿನ ವಿನಾಯಿತಿಯೂ ಅವನಿಗಿಲ್ಲ; ಅದು ಅಂತರರಾಜ್ಯ ಮಾರಾಟ, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಜತ್ತಕ್ಕೆ ಹೋಗಿ ಮಾರಿದವನಿಗೆ ಇಲ್ಲದ ನಿಯಮ ಅದಕ್ಕಿಂತ ಹತ್ತಿರದ ಪೇಟೆಗೆ ಹೋದವನಿಗೆ ಇದೆ. ದೇಶದ ಇ-ವೇ ಬಿಲ್ ವ್ಯವಸ್ಥೆಗೆ ಮೊದಲ ಮಾದರಿ ಕರ್ನಾಟಕದ ಇ-ಸುಗಮ ಎಂಬುದನ್ನೂ ಹೇಳಿಬಿಡುತ್ತೇನೆ, ಇದರಲ್ಲಿ ಹೆಮ್ಮೆಪಡುವುದೋ ಬೈಯುವುದೋ ನಿಮಗೆ ಬಿಟ್ಟದ್ದು.

ಗಡಿ ದಾಟಿದರೆ ಕಾಯ್ದೆ ಬದಲಾಗುವುದು ಈ ಭಾಗಕ್ಕೆ ಹೊಸದೇನಲ್ಲ. ಸಂಸ್ಥಾನಗಳ ಕಾಲದಲ್ಲಿ ಜತ್ತ ಡಫಳೆಯವರದು. ಸಾಂಗ್ಲಿ ಪಟವರ್ಧನರದು, ಅದರ ತುಂಡುಗಳು ಶಿರಹಟ್ಟಿ, ತೇರದಾಳ, ಬೆಳಗಾವಿಯ ಮಗ್ಗುಲಿನ ಶಹಾಪುರದವರೆಗೆ ಚೆಲ್ಲಾಡಿದ್ದವು. ಸುತ್ತಲೂ ಬ್ರಿಟಿಷರ ಮುಂಬಯಿ ಪ್ರಾಂತ, ನಡುವೆ ಇರುವ ಶಿರಹಟ್ಟಿಯ ಮೇಲೆ ಮಾತ್ರ ದೂರದ ಸಾಂಗ್ಲಿಯ ಆಡಳಿತ. ಕಾಗದ ಎಲ್ಲಿದೆಯೋ ಅಲ್ಲಿನ ದರಬಾರೇ ನ್ಯಾಯ ಹೇಳುವುದು. ಇಂದು ದತ್ತಾಂಶದ ಬಗ್ಗೆ ಜಗತ್ತಿನ ಸರ್ಕಾರಗಳು ಆಡುವ ಮಾತಿನ ತಿರುಳೂ ಇಷ್ಟೇ.

ಭಾರತದಲ್ಲಿ ಈ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದ್ದು ರಿಸರ್ವ್ ಬ್ಯಾಂಕ್. 2018ರ ಏಪ್ರಿಲ್ 6ರಂದು ಅದು ಒಂದು ಸುತ್ತೋಲೆ ಹೊರಡಿಸಿತು. ಪಾವತಿಗೆ ಸಂಬಂಧಿಸಿದ ದತ್ತಾಂಶವೆಲ್ಲ ಭಾರತದೊಳಗೆ ಮಾತ್ರ ಇರಬೇಕು, ಆರು ತಿಂಗಳ ಗಡುವು. ದೊಡ್ಡ ಕಾರ್ಡ್ ಕಂಪನಿಗಳು ಗೊಣಗಿದವು. ಮರುವರ್ಷ ಬ್ಯಾಂಕ್ ಒಂದಿಷ್ಟು ಸಡಿಲಿಸಿತು: ಸಂಸ್ಕರಣೆ ಹೊರದೇಶದಲ್ಲಿ ನಡೆಯಲಿ, ಆದರೆ ಒಂದು ಕೆಲಸದ ದಿನ ಅಥವಾ 24 ಗಂಟೆ, ಯಾವುದು ಮೊದಲೋ ಅಷ್ಟರೊಳಗೆ ಅಲ್ಲಿ ಅಳಿಸಿ ಇಲ್ಲಿಗೆ ತರಬೇಕು. ಇದು ಬಾಯಿಮಾತಲ್ಲ ಎಂದು ತಿಳಿದದ್ದು 2021ರಲ್ಲಿ. ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಕ್ಲಬ್, ಆಮೇಲೆ ಮಾಸ್ಟರ್‌ಕಾರ್ಡ್ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳದಂತೆ ತಡೆ ಬಿತ್ತು. ಮಾಸ್ಟರ್‌ಕಾರ್ಡಿನ ಮೇಲಿನ ತಡೆ ತೆರವಾಗಲು ಸುಮಾರು ಒಂದು ವರ್ಷ ಹಿಡಿಯಿತು.

ರಿಸರ್ವ್ ಬ್ಯಾಂಕಿಗೆ ಈ ಧೈರ್ಯ ಬರಲು ಒಂದು ಕಾರಣ, ಅಷ್ಟರೊಳಗೆ ಸರ್ವರುಗಳು ದೇಶಕ್ಕೆ ಬಂದಾಗಿತ್ತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, ಗೂಗಲ್ 2017ರಲ್ಲಿ ಅದೇ ಮುಂಬೈಯಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದಿದ್ದವು. ಸಮುದ್ರದಡಿಯ ಕೇಬಲ್ಲುಗಳು ದಡ ಹತ್ತುವುದು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈಗಳಲ್ಲಿ. ಬ್ಯಾಂಕುಗಳ ಹೆಡ್ಡಾಫೀಸು ಮುಂಬೈಯಲ್ಲಿ. ಹಾಗಾಗಿ ನವಿಮುಂಬೈಯ ಬಯಲಿನಲ್ಲಿ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳು ಎದ್ದವು. ಆಫ್ರಿಕದ ಕಥೆ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಕೇಂದ್ರ ತೆರೆದದ್ದು 2019ರಲ್ಲಿ, ಅಮೆಜಾನ್ 2020ರಲ್ಲಿ, ಎರಡೂ ದಕ್ಷಿಣ ಆಫ್ರಿಕದಲ್ಲೇ. ನೈರೋಬಿಯ ವ್ಯಾಪಾರಿಗೆ "ದತ್ತಾಂಶ ನಿನ್ನ ದೇಶದಲ್ಲೇ ಇಡು" ಎಂದರೆ ಅವನು ಎಲ್ಲಿಡಬೇಕು? ಮೊದಲು ಗೋದಾಮು, ಆಮೇಲೆ ಗೋದಾಮಿನ ಕಾಯ್ದೆ. ಈ ಕ್ರಮ ತಪ್ಪಿದ ಕಡೆ ಸಣ್ಣವರು ದುಬಾರಿ ಬಾಡಿಗೆ ತೆತ್ತರು, ಇಲ್ಲವೇ ಕಾಯ್ದೆ ಕಾಗದದ ಮೇಲೆ ಉಳಿಯಿತು.

ಒಂದು ಉಪಮಾತು. ಜತ್ತದ ಗುಡ್ಡಗಳ ಮೇಲೆ ತಿರುಗುವ ಗಾಳಿಗಿರಣಿಗಳ ವಿದ್ಯುತ್ತು ಗ್ರಿಡ್ಡಿಗೆ ಹೋಗುತ್ತದೆ. ನವಿಮುಂಬೈಯ ಸರ್ವರುಗಳೂ ಅದೇ ಗ್ರಿಡ್ಡಿನ ಕರೆಂಟು ಕುಡಿಯುತ್ತವೆ. ಕ್ಲೌಡಿಗೂ ಬಾಲಗಾಂವಕ್ಕೂ ಸಂಬಂಧವಿಲ್ಲ ಎನ್ನುವವರು ಇದನ್ನಾದರೂ ಒಪ್ಪಬಹುದು.

ಖಾಸಗಿ ವಿವರಗಳ ಕಾಯ್ದೆ ಬೇರೆ ದಾರಿಯಿಂದ ಬಂತು. ಅದರ ಬೇರು ಕರ್ನಾಟಕದ್ದು. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ರ ಆಸುಪಾಸಿನ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಬೆಂಗಳೂರಿನಲ್ಲೇ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ಜುಲೈನಲ್ಲಿ ಕರಡು ಕೊಟ್ಟಿತು. ಎಲ್ಲ ಖಾಸಗಿ ದತ್ತಾಂಶದ ಒಂದು ಪ್ರತಿ ಭಾರತದಲ್ಲಿರಬೇಕು, ಅತಿಮುಖ್ಯವಾದದ್ದು ಭಾರತ ಬಿಟ್ಟು ಹೋಗಲೇಬಾರದು ಎಂದು ಅದರಲ್ಲಿತ್ತು. ಐದು ವರ್ಷ ಜಗ್ಗಾಡಿ 2023ರ ಆಗಸ್ಟಿನಲ್ಲಿ ಕಾಯ್ದೆಯಾದಾಗ ಆ ಮಾತು ಹೋಗಿತ್ತು. ಈಗಿರುವುದು ತಿರುಗುಮುರುಗು: ದತ್ತಾಂಶ ಯಾವ ದೇಶಕ್ಕಾದರೂ ಹೋಗಬಹುದು, ಕೇಂದ್ರ ಸರ್ಕಾರ ಬೇಡವೆಂದು ಅಧಿಸೂಚನೆ ಹೊರಡಿಸಿದ ದೇಶಗಳಿಗೆ ಬಿಟ್ಟು. ಬ್ಯಾಂಕಿನ ದುಡ್ಡಿನ ವಿವರಕ್ಕೆ ಕಬ್ಬಿಣದ ಬಾಗಿಲು, ಮನುಷ್ಯನ ವಿವರಕ್ಕೆ ತೆರೆದ ಅಂಗಳ. ಇದು ನನಗೆ ಸರಿಬರುವುದಿಲ್ಲ. ಆದರೆ ಸಣ್ಣ ವ್ಯಾಪಾರಿಯ ಮೇಲೆ ಎರಡೆರಡು ಕಡೆ ಸರ್ವರ್ ಬಾಡಿಗೆ ಹೊರಿಸದೆ ಬಿಟ್ಟದ್ದು ಅವನಿಗೆ ಲಾಭವೇ.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬರುತ್ತೇನೆ. ಈ ಭಾಗದಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಸೇರಿ ರೈತ ಉತ್ಪಾದಕ ಕಂಪನಿ ಮಾಡಿಕೊಳ್ಳುವುದು ಹೆಚ್ಚುತ್ತಿದೆ. ಸೊಸೈಟಿಗೂ ಇದಕ್ಕೂ ಏನು ಫರಕು ಎಂದು ಬಹಳ ಜನ ಕೇಳುತ್ತಾರೆ. ದೊಡ್ಡ ಫರಕು ಇದೆ. ಸೊಸೈಟಿ ನಡೆಯುವುದು ಸಹಕಾರ ಕಾಯ್ದೆಯ ಕೆಳಗೆ. ಉತ್ಪಾದಕ ಕಂಪನಿ ಹೆಸರಿಗೆ ರೈತರದ್ದಾದರೂ ಕಂಪನಿ ಕಾಯ್ದೆಯ ಕೆಳಗೆ. ಹಾಗಾಗಿ ಮುಂಬೈಯ ಗಗನಚುಂಬಿ ಕಟ್ಟಡದಲ್ಲಿ ಕೂತ ಕಂಪನಿಗಿರುವ ಲೆಕ್ಕದ ನಿಯಮಗಳು ಹಳ್ಳಿಯ ಶೆಡ್ಡಿನಲ್ಲಿ ಕೂತ ಕಂಪನಿಗೂ ಇವೆ. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ಅದರ ಬ್ಯಾಕಪ್ಪು ಭಾರತದೊಳಗಿನ ಸರ್ವರಿನಲ್ಲಿ ಇರಬೇಕು. ಮೊದಲು "ಕಾಲಕಾಲಕ್ಕೆ" ಎಂದಿದ್ದದ್ದು 2022ರ ಆಗಸ್ಟಿನಿಂದ "ಪ್ರತಿದಿನ" ಎಂದಾಯಿತು. 2023ರ ಏಪ್ರಿಲ್ 1ರಿಂದ ಲೆಕ್ಕದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ಜಾಡು ಉಳಿಸುವ ಸಾಫ್ಟ್‌ವೇರನ್ನೇ ಬಳಸಬೇಕು, ಆ ಜಾಡನ್ನು ಬಂದ್ ಮಾಡುವಂತಿಲ್ಲ. ಬೆಂಗಳೂರಿನ ಟ್ಯಾಲಿಯವರು ಇದಕ್ಕೆಂದೇ ಬೇರೆ ಆವೃತ್ತಿ ತಂದರು.

ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸುವಾಗ ರಿಜಿಸ್ಟ್ರಾರರಿಗೆ ಇನ್ನೂ ಕೆಲವನ್ನು ತಿಳಿಸಬೇಕು: ಸೇವೆ ಕೊಡುವವರ ಹೆಸರು, ಐಪಿ ವಿಳಾಸ, ಅವರಿರುವ ಜಾಗ, ಲೆಕ್ಕ ಕ್ಲೌಡಿನಲ್ಲಿದ್ದರೆ ಸೇವೆದಾರರು ಕೊಟ್ಟ ವಿಳಾಸ. ಈ ಖಾನೆ ತುಂಬುವಾಗ ನಡೆಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಕಂಪನಿಯ ಕಾರ್ಯದರ್ಶಿ, ದ್ರಾಕ್ಷಿ ತೋಟದಿಂದ ಎದ್ದು ಬಂದವರು, ಕೈಯಲ್ಲಿ ಇನ್ನೂ ಔಷಧಿಯ ವಾಸನೆ, ಫೋನ್ ಹಚ್ಚಿ ಸಾಫ್ಟ್‌ವೇರ್ ಮಾರಿದ ಹುಡುಗನನ್ನು ಕೇಳುತ್ತಾರೆ: "ತಮ್ಮಾ, ನಮ್ಮ ಲೆಕ್ಕ ಎಲ್ಲಿ ಅದಾವಪಾ?" ಆ ಕಡೆಯಿಂದ ಉತ್ತರ: "ಕ್ಲೌಡ್‌ನ್ಯಾಗ ಅದಾವ್ರಿ, ಕಾಕಾ." "ಅದು ಗೊತ್ತೈತಿ, ಊರು ಯಾವುದು?" ಹುಡುಗನಿಗೂ ಗೊತ್ತಿರುವುದಿಲ್ಲ, ಅವನು ತನ್ನ ಮೇಲಿನವನನ್ನು ಕೇಳಬೇಕು. ಅರ್ಜಿಯ ಖಾನೆ ತುಂಬಲು ಎರಡು ದಿನ ಫೋನು ಓಡಾಡುತ್ತದೆ. ನನಗೆ ಈ ನಿಯಮ ಇಷ್ಟವಾಗುವುದು ಈ ಕಾರಣಕ್ಕೇ: ರೈತ ತನ್ನ ಲೆಕ್ಕದ ಊರನ್ನು ವರ್ಷಕ್ಕೊಮ್ಮೆಯಾದರೂ ಕೇಳಬೇಕಾಗುತ್ತದೆ.

ಆದರೆ ಊರು ಗೊತ್ತಾದರೆ ಮುಗಿಯಿತೆ? ಇಲ್ಲಿಂದ ಮುಂದೆ ನನ್ನ ಜಗಳ ಸರ್ಕಾರದ ಜೊತೆ. ನಿಯಮಗಳು ದತ್ತಾಂಶ ಎಲ್ಲಿದೆ ಎಂಬುದನ್ನೇ ಕೇಳುತ್ತವೆ, ಏಕೆಂದರೆ ಸರ್ಕಾರಕ್ಕೆ, ರಿಸರ್ವ್ ಬ್ಯಾಂಕಿಗೆ, ಪೊಲೀಸರಿಗೆ ಬೇಕಾದಾಗ ಕೈಗೆ ಸಿಗಬೇಕು. ಅದು ನ್ಯಾಯವೇ. ಆದರೆ ಮಾಲೀಕನಿಗೆ ಸಿಗುತ್ತದೆಯೆ ಎಂಬುದು ಬೇರೆ ಪ್ರಶ್ನೆ. ತಾಸಗಾಂವದ ಕೋಲ್ಡ್ ಸ್ಟೋರೇಜಿನಲ್ಲಿ ನಿಮ್ಮ ಬೇದಾಣಿಯ, ಅಂದರೆ ಒಣದ್ರಾಕ್ಷಿಯ, ಬಾಕ್ಸುಗಳಿವೆ ಎಂದುಕೊಳ್ಳಿ. ಮಾಲು ಸಾಂಗ್ಲಿ ಜಿಲ್ಲೆಯಲ್ಲೇ ಇದೆ ಎಂಬುದರಿಂದ ನಿಮಗೆ ಬಂದ ಭಾಗ್ಯವೇನು? ರಸೀದಿ ಯಾರ ಹೆಸರಲ್ಲಿದೆ, ಬಾಗಿಲ ಕೀಲಿ ಯಾರಲ್ಲಿದೆ, ಸೌದಾ ದಿನ ಬಾಕ್ಸು ಹೊರತೆಗೆಯಲು ಎಷ್ಟು ಕೇಳುತ್ತಾರೆ, ಕಂಪ್ರೆಸರ್ ಕೆಟ್ಟರೆ ಮಾಲನ್ನು ಎಲ್ಲಿಗೆ ಸಾಗಿಸುತ್ತಾರೆ, ನೀವು ಕೇಳುವುದು ಇದನ್ನೇ ತಾನೆ? ಕ್ಲೌಡಿಗೂ ಇವೇ ಪ್ರಶ್ನೆಗಳು.

ಕೀಲಿಯ ಮಾತು 2025ರ ಜುಲೈನಲ್ಲಿ ಬಯಲಿಗೆ ಬಂತು. ನಯಾರಾ ಎನರ್ಜಿ ಗುಜರಾತಿನ ವಾಡಿನಾರದಲ್ಲಿ ತೈಲ ಶುದ್ಧೀಕರಣ ನಡೆಸುವ ಕಂಪನಿ. ಅದರಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ಅರ್ಧದ ಹತ್ತಿರ ಪಾಲಿದೆ. ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ಮೇಲ್ ಮುಂತಾದ ಸೇವೆಗಳನ್ನು ನಿಲ್ಲಿಸಿತು. ಭಾರತದ ಕಾಯ್ದೆ ಮುರಿದಿರಲಿಲ್ಲ, ಲೈಸೆನ್ಸಿನ ಹಣ ಕಟ್ಟಿತ್ತು. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ಹೈಕೋರ್ಟು ಹತ್ತಲು ಶಕ್ತಿಯಿತ್ತು. ಸರ್ವರ್ ಯಾವ ನೆಲದ ಮೇಲಿದೆಯೋ ಆ ನೆಲದ ಕಾಯ್ದೆ ಒಂದು; ಸರ್ವರಿನ ಒಡೆಯ ಯಾವ ದೇಶದವನೋ ಅಲ್ಲಿನ ಕಾಯ್ದೆ ಇನ್ನೊಂದು. ಅಮೆರಿಕ 2018ರಲ್ಲೇ ಕಾಯ್ದೆ ಮಾಡಿ, ತನ್ನ ಕಂಪನಿಗಳ ಬಳಿ ಇರುವ ದತ್ತಾಂಶ ಹೊರದೇಶದಲ್ಲಿದ್ದರೂ ತನ್ನ ಕೋರ್ಟು ಕೇಳಿದರೆ ಕೊಡಬೇಕೆಂದು ಹೇಳಿಟ್ಟಿದೆ. ಮುಂಬೈಯ ಸರ್ವರಿಗೂ ಅದು ಅನ್ವಯವಾಗಬಹುದು.

ಒಳದೇಶದಲ್ಲೇ ಇದ್ದು ಹಾಳಾದದ್ದಕ್ಕೂ ಸಾಕ್ಷಿ ಬೇಕಾದಷ್ಟಿದೆ. ಇಂಡೋನೇಷ್ಯಾ ಒಂದು ಕಾಲಕ್ಕೆ ಸ್ಥಳೀಯ ಸರ್ವರಿಗಾಗಿ ಬಹಳ ಪಟ್ಟು ಹಿಡಿದ ದೇಶ. 2024ರ ಜೂನಿನಲ್ಲಿ ಅಲ್ಲಿನ ತಾತ್ಕಾಲಿಕ ರಾಷ್ಟ್ರೀಯ ದತ್ತಾಂಶ ಕೇಂದ್ರಕ್ಕೆ ಖದೀಮರು ಬೀಗ ಜಡಿದು 80 ಲಕ್ಷ ಡಾಲರ್ ಕೇಳಿದರು. ವಿಮಾನ ನಿಲ್ದಾಣದಲ್ಲಿ ವಲಸೆ ಕೌಂಟರುಗಳು ನಿಂತವು. ಸುರಾಬಾಯಾದ ಆ ಕೇಂದ್ರದಲ್ಲಿದ್ದ ದತ್ತಾಂಶದ ನೂರಕ್ಕೆ 98ರಷ್ಟಕ್ಕೆ ಬ್ಯಾಕಪ್ಪೇ ಇರಲಿಲ್ಲವೆಂದು ಅಧಿಕಾರಿಗಳೇ ಸಂಸತ್ತಿನವರ ಮುಂದೆ ಒಪ್ಪಿಕೊಂಡರು. ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ 2025ರ ಸೆಪ್ಟೆಂಬರಿನಲ್ಲಿ ಬ್ಯಾಟರಿಗೆ ಬೆಂಕಿ ಬಿದ್ದು ಸರ್ಕಾರಿ ನೌಕರರ 858 ಟೆರಾಬೈಟ್ ಕಡತ ಬೂದಿಯಾಯಿತು. ಅದಕ್ಕೂ ಇನ್ನೊಂದು ಪ್ರತಿ ಇರಲಿಲ್ಲ. ಇದಕ್ಕೆ ಎದುರಾಗಿ ಪುಟ್ಟ ಎಸ್ಟೋನಿಯಾ, ತನ್ನ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಪರದೇಶವಾದ ಲಕ್ಸೆಂಬರ್ಗಿನಲ್ಲಿ ಇಟ್ಟಿದೆ. 2017ರ ಒಪ್ಪಂದದ ಪ್ರಕಾರ ಆ ಕೋಣೆಯೊಳಗೆ ಲಕ್ಸೆಂಬರ್ಗಿನ ಪೊಲೀಸರೂ ಕಾಲಿಡುವಂತಿಲ್ಲ. ಶಿರಹಟ್ಟಿಯಲ್ಲಿದ್ದ ಸಾಂಗ್ಲಿಯ ತುಂಡು ನೆನಪಾಗುತ್ತದೆ.

ನಮ್ಮ ಮನೆಬಾಗಿಲಿಗೆ ಬಂದ ಘಟನೆ 2024ರ ಜುಲೈ 31ರದ್ದು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಜ್ ಟೆಕ್ನಾಲಜೀಸ್ ಎಂಬ ಕಂಪನಿ ಇದೆ. ಟಾಟಾ ಕನ್ಸಲ್ಟೆನ್ಸಿ ಮತ್ತು ಸ್ಟೇಟ್ ಬ್ಯಾಂಕಿನ ಜಂಟಿ ಕೂಸು. ಅದರ ವ್ಯವಸ್ಥೆಗೆ ರಾನ್ಸಮ್‌ವೇರ್ ದಾಳಿಯಾದಾಗ, ರೋಗ ಹಬ್ಬದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದನ್ನು ದೇಶದ ಪಾವತಿ ಜಾಲದಿಂದಲೇ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳ ಯುಪಿಐ ನಿಂತಿತು. ದೇಶದ ಒಟ್ಟು ಪಾವತಿಯಲ್ಲಿ ಇವುಗಳ ಪಾಲು ಶೇಕಡಾ 0.5 ಮಾತ್ರ ಎಂದು ಪತ್ರಿಕೆಗಳು ಸಮಾಧಾನ ಹೇಳಿದವು. ಆ ಅರ್ಧ ಶೇಕಡಾ ಅಂದರೆ ಯಾರು? ಹಾಲಿನ ಬಿಲ್ಲು, ಕಬ್ಬಿನ ಬಿಲ್ಲು, ಗೊಬ್ಬರದ ಅಂಗಡಿ. ಮರುದಿನ ಸೇವೆ ಮರಳಿತು. ಪುಣ್ಯಕ್ಕೆ ಹಣ ಹೋಗಲಿಲ್ಲ. ಅದಕ್ಕೆ ಆರು ವರ್ಷ ಮೊದಲು, 2018ರ ಆಗಸ್ಟಿನಲ್ಲಿ, ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿ ಹೋಗಿಯೇ ಇತ್ತು. ಕಳ್ಳರು ಅದರ ಬಹುಪಾಲನ್ನು 28 ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡು ಹಾಕಿ ತೆಗೆದಿದ್ದರು.

ಸಣ್ಣ ಬ್ಯಾಂಕು ತನ್ನದೇ ಸರ್ವರ್ ಕೋಣೆ ಕಟ್ಟಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಅಪಾಯ. ಬೇಸಿಗೆಯ ಲೋಡ್‌ಶೆಡ್ಡಿಂಗಿನಲ್ಲಿ ಆ ಕೋಣೆಯ ಏಸಿ ಯಾರು ನೋಡುತ್ತಾರೆ? ಹಂಚಿಕೊಂಡು ಬಳಸುವುದೇ ಅವರಿಗಿರುವ ದಾರಿ. ರಿಸರ್ವ್ ಬ್ಯಾಂಕು ಕೂಡ ಹಣಕಾಸು ಕ್ಷೇತ್ರಕ್ಕೆಂದೇ ಒಂದು ಕ್ಲೌಡ್ ಕಟ್ಟುವುದಾಗಿ 2023ರ ಡಿಸೆಂಬರಿನಲ್ಲಿ ಹೇಳಿತು. ಹೊರಗಿನವರಿಗೆ ಐಟಿ ಕೆಲಸ ಒಪ್ಪಿಸುವ ಬ್ಯಾಂಕುಗಳು ಹೊಣೆಯನ್ನು ಮಾತ್ರ ಒಪ್ಪಿಸುವಂತಿಲ್ಲ, ಬಿಟ್ಟು ಹೊರಬರುವ ದಾರಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು ಎಂಬ ನಿರ್ದೇಶನವನ್ನೂ ಅದೇ ವರ್ಷ ಕೊಟ್ಟಿದೆ. ನಿಮ್ಮ ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆಯಲ್ಲಿ ಡಿವಿಡೆಂಡು ಎಷ್ಟು ಎಂದು ಕೇಳುವಾಗಲೇ, ಇರುವ ಕಂಪನಿ ಬಿಟ್ಟರೆ ನಮ್ಮ ಖಾತೆಗಳನ್ನು ಯಾವ ರೂಪದಲ್ಲಿ ವಾಪಸ್ಸು ಕೊಡುತ್ತಾರೆ, ಅದಕ್ಕೆಷ್ಟು ಖರ್ಚು, ಹಿಂದಿನ ಸಲ ಬ್ಯಾಕಪ್ಪಿನಿಂದ ಲೆಕ್ಕ ಎಬ್ಬಿಸಿ ನೋಡಿದ್ದು ಯಾವಾಗ ಎಂದೂ ಕೇಳಿ. ಬ್ಯಾಕಪ್ಪು ಇದೆ ಎನ್ನುವುದು ಬೇರೆ, ಅದು ಎದ್ದು ಬರುತ್ತದೆ ಎನ್ನುವುದು ಬೇರೆ.

ಹೊರಬರುವ ಖರ್ಚಿನ ವಿಷಯದಲ್ಲಿ ಯುರೋಪು ಮುಂದಿದೆ. 2025ರ ಸೆಪ್ಟೆಂಬರಿನಿಂದ ಜಾರಿಯಾದ ಅಲ್ಲಿನ ದತ್ತಾಂಶ ಕಾಯ್ದೆಯ ಪ್ರಕಾರ 2027ರ ಜನವರಿ ನಂತರ ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗುವ ಗಿರಾಕಿಯಿಂದ ಬದಲಾವಣೆಯ ಶುಲ್ಕ ಕೇಳುವಂತಿಲ್ಲ. ನಮ್ಮಲ್ಲಿ 2019ರ ಮಸೂದೆಯಲ್ಲಿ, ಮನುಷ್ಯರ ಖಾಸಗಿ ವಿವರದ ಮಟ್ಟಿಗಾದರೂ, ಹೊತ್ತೊಯ್ಯುವ ಹಕ್ಕೊಂದಿತ್ತು. 2023ರ ಕಾಯ್ದೆಯಲ್ಲಿ ಅದೂ ಇಲ್ಲ. ದತ್ತಾಂಶ ದೇಶ ಬಿಡಬಾರದು ಎಂದು ಇಷ್ಟು ವರ್ಷ ವಾದಿಸಿದವರು, ದತ್ತಾಂಶ ಕಂಪನಿಯನ್ನು ಬಿಟ್ಟು ಬರುವಂತಿರಬೇಕು ಎಂದು ಅದರ ಅರ್ಧದಷ್ಟಾದರೂ ವಾದಿಸಿದ್ದರೆ ಚೆನ್ನಾಗಿತ್ತು.

ಕೊನೆಗೆ ಗಡಿಭಾಗದ ಕನ್ನಡಿಗರಿಗೆ ನಮ್ಮ 2023ರ ಕಾಯ್ದೆಯಲ್ಲಿರುವ ಒಂದು ಕಲಮನ್ನು ಹೇಳಿ ಮುಗಿಸುತ್ತೇನೆ. ಇದನ್ನು ಬೇರೆ ಕಡೆ ಯಾರೂ ಒತ್ತಿ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸೇವಾಕೇಂದ್ರದ ಕಂಪ್ಯೂಟರಿನ ಪರದೆ ನೋಡಿದ್ದೀರಲ್ಲ. ಹಿಂದೆ ದೇವರ ಚಿತ್ರ, ಅದರ ಮೇಲೆ ಆಧಾರ್, ಪಾಸ್‌ಬುಕ್, ಸಾತಬಾರಾ, ರೇಷನ್ ಕಾರ್ಡುಗಳ ಫೈಲುಗಳು ಚಿತ್ರವೇ ಕಾಣದಷ್ಟು ದಟ್ಟವಾಗಿ. ಅದೇ ಫೈಲು ವಾಟ್ಸಾಪಿನಲ್ಲೂ ಉಳಿದಿರುತ್ತದೆ. ಸಾಲಕ್ಕೆ, ವಿಮೆಗೆ, ಡ್ರಿಪ್ಪಿಗೆ ನಾವು ಕೊಟ್ಟ ಕಾಗದ ಯಾರ್‍ಯಾರ ಕ್ಲೌಡಿಗೆ ಹೋಗಿ ಕೂತಿದೆಯೋ. ಕಂಪನಿಗಳು ನಮ್ಮಿಂದ ಒಪ್ಪಿಗೆ ಪಡೆದಾಗ ತೋರಿಸಿದ ಪತ್ರ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಮರಾಠಿಯಲ್ಲಿ.

2023ರ ಕಾಯ್ದೆಯ 5ನೇ ಕಲಮಿನಲ್ಲಿ, ಒಪ್ಪಿಗೆ ಕೇಳುವ ಮುನ್ನ ಕೊಡಬೇಕಾದ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು ಎಂದಿದೆ. ಆ ಅನುಸೂಚಿಯಲ್ಲಿ 22 ಭಾಷೆ, ಕನ್ನಡವೂ ಒಂದು. ಇಲ್ಲಿ ರಾಜ್ಯದ ಮಾತೇ ಇಲ್ಲ. ನೀವು ವಾಸ ಮಾಡುವುದು ಮಹಾರಾಷ್ಟ್ರದಲ್ಲೋ ಕರ್ನಾಟಕದಲ್ಲೋ, ಕಾಸರಗೋಡಿನಲ್ಲೋ ಎಂದು ಅದು ಕೇಳುವುದಿಲ್ಲ. ಎರಡು ರಾಜ್ಯಗಳ ಗಡಿ ತಕರಾರಿನ ಮೇಲೆ ಮಹಾಜನ ವರದಿ 1967ರಲ್ಲಿ ಬಂತು. 2022ರಲ್ಲಿ ಜತ್ತದ ಹೆಸರು ಮತ್ತೆ ಎರಡೂ ರಾಜ್ಯಗಳ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಆ ತಕರಾರು ಯಾವಾಗ ಹೇಗೆ ತೀರುತ್ತದೋ, ಈ ಹಕ್ಕಿಗೆ ಅದು ತೀರುವುದನ್ನು ಕಾಯಬೇಕಿಲ್ಲ.

ಎರಡು ಮಿತಿ ಹೇಳಬೇಕು. ಸಬ್ಸಿಡಿ, ಪ್ರಮಾಣಪತ್ರಗಳಂಥ ಕೆಲಸಕ್ಕೆ ಸರ್ಕಾರ ವಿವರ ಬಳಸುವಾಗ ಹಲವು ಸಲ ಒಪ್ಪಿಗೆಯೇ ಬೇಕಾಗಿಲ್ಲ, ಹಾಗಾಗಿ ಜತ್ತದ ತಹಶೀಲ್ದಾರ ಕಚೇರಿಯ ಕಾಗದ ಇದರಿಂದ ಕನ್ನಡವಾಗುವುದಿಲ್ಲ. ಇನ್ನೊಂದು, ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ವ್ಯವಹಾರಸ್ಥರ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಅವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳ ನಡುವಿನವರೆಗೆ. ಆಮೇಲೆ ನಿಮ್ಮ ಬ್ಯಾಂಕು, ವಿಮೆ ಕಂಪನಿ, ಟ್ರ್ಯಾಕ್ಟರ್ ಸಾಲ ಕೊಡುವವರು, ಫೋನ್ ಕಂಪನಿ, ಎಲ್ಲರೂ ಈ ಸೂಚನೆ ಕೊಡಬೇಕು. ಕಾಯ್ದೆಗೆ ಮುಂಚೆಯೇ ಒಪ್ಪಿಗೆ ಕೊಟ್ಟು ಕೂತ ಹಳೆಯ ಗಿರಾಕಿಗಳಿಗೂ ಕೊಡಬೇಕು. ಲೋಪಕ್ಕೆ ದಂಡ ಇದೆ. ದತ್ತಾಂಶ ಕಾಯುವುದರಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ಹೋಗುತ್ತದೆ.

ಇದು ಇಲ್ಲಿನ ವ್ಯಾಪಾರಸ್ಥರಿಗೂ ತಗಲುತ್ತದೆ ಎಂಬುದನ್ನು ಮರೆಯಬೇಡಿ. ದ್ರಾಕ್ಷಿ ಬೆಳೆಗಾರರ ಆಧಾರ್, ಖಾತೆ ಸಂಖ್ಯೆ ಕಂಪ್ಯೂಟರಿನಲ್ಲಿಟ್ಟುಕೊಂಡ ಅಡತಿ ಅಂಗಡಿಯೂ, ಉತ್ಪಾದಕ ಕಂಪನಿಯೂ ಈ ಕಾಯ್ದೆಯ ಕಣ್ಣಿಗೆ ಮುಂಬೈಯ ಕಂಪನಿಯ ಸಾಲಿನಲ್ಲೇ ನಿಲ್ಲುತ್ತವೆ. ಕೆಲವು ಸಣ್ಣವರಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ, ಕೊಡುವವರೆಗೆ ಇಲ್ಲ. ಹಾಗಾಗಿ ಕನ್ನಡದ ಸೂಚನಾಪತ್ರವನ್ನು ಮೊದಲು ಬರೆಸಬೇಕಾದವರು ನಮ್ಮಲ್ಲೇ ಇದ್ದಾರೆ. ಒಂದು ಪುಟ ಸಾಕು: ಯಾವ ಯಾವ ವಿವರ ತೆಗೆದುಕೊಂಡಿದ್ದೇವೆ, ಯಾತಕ್ಕೆ, ಒಪ್ಪಿಗೆ ಹಿಂದೆ ತೆಗೆದುಕೊಳ್ಳಲು ಯಾರನ್ನು ಕೇಳಬೇಕು, ದೂರು ಹೇಗೆ ಕೊಡಬೇಕು. ಇಂಥ ಪತ್ರದ ಕರಡೊಂದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಸಿದ್ಧಮಾಡಿ ತಂದಿದ್ದೇನೆ. ಪ್ರತಿಗಳು ಹೊರಗಿನ ಮೇಜಿನ ಮೇಲಿವೆ. ಈಗ ನಿಮ್ಮ ಪ್ರಶ್ನೆಗಳು ಬರಲಿ.